ಎದೆಯ ಯಂತ್ರವೂ ಗರಡಿಯ ದಂಡವೂ

ಮೈಸೂರಿನ ಹೊಸ ಬಡಾವಣೆಗಳ ವ್ಯಾಯಾಮಶಾಲೆಗಳನ್ನು ಹೊಕ್ಕವರು ಎದೆ, ಭುಜಗಳ ಸಾಧನೆಗೆಂದು ಇಟ್ಟಿರುವ ಯಂತ್ರವೊಂದನ್ನು ಕಂಡಿರಬಹುದು. ಪೀಠದಲ್ಲಿ ಕುಳಿತು ಎರಡು ಹಿಡಿಗಳನ್ನು ಮುಂದಕ್ಕೆ ನೂಕಿದರೆ, ಅಡುಕಿಟ್ಟ ಕಬ್ಬಿಣದ ಬಿಲ್ಲೆಗಳು ಮೇಲೇಳುತ್ತವೆ. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುವ ಈ ಗರಡಿಗಳ ಊರಿನಲ್ಲಿ, ಅಂಥ ಯಂತ್ರದ ಯೋಗ್ಯತೆಯೆಷ್ಟೆಂದು ವಿಚಾರಿಸುವುದು ಅನುಚಿತವಾಗಲಾರದು.

ಯಂತ್ರದ ಗುಣವನ್ನು ಮೊದಲು ಹೇಳಬೇಕು. ಹಿಡಿಯು ಗೊತ್ತಾದ ದಾರಿಯಲ್ಲಿಯೇ ಚಲಿಸುತ್ತದೆ. ಕೈ ಸೋತರೂ ಭಾರವು ಎದೆಯ ಮೇಲೆ ಬೀಳದು. ವೃದ್ಧರಿಗೂ ಕಾಯಿಲೆಯಿಂದ ಎದ್ದವರಿಗೂ ಇದು ದೊಡ್ಡ ಉಪಕಾರ. 1970ರ ದಶಕದಲ್ಲಿ ಅಮೆರಿಕದ ಆರ್ಥರ್ ಜೋನ್ಸ್ ತನ್ನ ನಾಟಿಲಸ್ ಯಂತ್ರಗಳಲ್ಲಿ ದುಂಡುರಾಟೆಯ ಬದಲು ಶಂಖದ ಸುರುಳಿಯನ್ನು ಹೋಲುವ ವಕ್ರಚಕ್ರವನ್ನು ಅಳವಡಿಸಿದನು. ಚಕ್ರ ತಿರುಗಿದಂತೆ ಅದರ ತ್ರಿಜ್ಯ ಬದಲಾಗಿ, ಸ್ನಾಯು ಪ್ರಬಲವಾಗಿರುವ ಭಂಗಿಯಲ್ಲಿ ಭಾರ ಹೆಚ್ಚಾಗಿಯೂ ದುರ್ಬಲವಾಗಿರುವಲ್ಲಿ ಕಡಿಮೆಯಾಗಿಯೂ ಕೈಗೆ ತಗಲುವುದು. ಜಾಣತನವೇ ಸರಿ! ಆದರೆ ಬಿಲ್ಲೆಯ ಮೇಲಿನ ಅಂಕಿ ತೋಳಿನ ಬಲವಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ. ಸನ್ನೆ, ರಾಟೆ, ಘರ್ಷಣೆಗಳ ದೆಸೆಯಿಂದ 50 ಕಿಲೋಗ್ರಾಂ ಒಂದು ಯಂತ್ರದಲ್ಲಿ ಹಗುರ, ಮತ್ತೊಂದರಲ್ಲಿ ಬಲು ಭಾರ. ಆ ಅಂಕಿಯನ್ನು ಹಿಡಿದು ಪಂಥ ಕಟ್ಟುವ ತರುಣರಿಗೆ ಇದನ್ನು ಯಾರೂ ಹೇಳಿದಂತೆ ಕಾಣದು.

ಭುಜದ ಕೀಲಿನ ಸಂಗತಿ ಇನ್ನೂ ಸೂಕ್ಷ್ಮವಾದುದು. ತೋಳೆಲುಬಿನ ದೊಡ್ಡ ಗುಂಡು ಅಲ್ಲಿ ಹೆಗಲೆಲುಬಿನ ಆಳವಿಲ್ಲದ ತಟ್ಟೆಗೆ ಒರಗಿದೆ. ತೋಳು ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ. ಕೀಲು ಸುಲಭವಾಗಿ ತಪ್ಪುವುದೂ ಇದರಿಂದಲೇ. ಗುಂಡನ್ನು ನೆಲೆಯಲ್ಲಿ ಹಿಡಿದಿಡುವವು ಸುತ್ತಲಿನ ನಾಲ್ಕು ಚಿಕ್ಕ ಸ್ನಾಯುಗಳು. ಯಂತ್ರವು ದಾರಿಯನ್ನು ತಾನೇ ಕಾಯುವುದರಿಂದ ಇವುಗಳ ಪಾಲಿನ ಕೆಲಸ ಕಡಿಮೆಯಾಗುತ್ತದೆ; ಬೆನ್ನಿನ ಒರಗು ಹೆಗಲೆಲುಬಿನ ಜಾರಾಟವನ್ನು ತಡೆಯುತ್ತದೆ. ಗರಡಿಯ ದಂಡದಲ್ಲಾದರೋ ಹೆಗಲು, ಹೊಟ್ಟೆ, ಸೊಂಟಗಳೆಲ್ಲ ಒಟ್ಟಿಗೆ ದುಡಿಯಬೇಕು. ಮೈಯನ್ನು ನೇರವಾಗಿ ಚಾಚಿದಾಗ ಅಂಗೈಗಳ ಮೇಲೆ ಬೀಳುವುದು ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು. 60 ಕಿಲೋಗ್ರಾಮಿನ ಹುಡುಗನಿಗೆ ಸುಮಾರು 40 ಕಿಲೋಗ್ರಾಂ. ಅದಕ್ಕೆ ಶುಲ್ಕವಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವ ಗರಡಿಯವರ ಪಕ್ಷವನ್ನೂ ನಾನು ಹಿಡಿಯಲಾರೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು ಪಾಶ್ಚಾತ್ಯರ ಭಾರಸಾಧನೆಯನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಜೊತೆಗೂಡಿಸಿದ್ದರು. ಆರೋಗ್ಯವಂತ ತರುಣನು ಮೊದಲು ದಂಡವನ್ನು ಕ್ರಮವಾಗಿ ಕಲಿತು ಬಳಿಕ ಯಂತ್ರಕ್ಕೆ ಬರಲಿ ಎಂಬುದಷ್ಟೇ ನನ್ನ ಮತ. ವ್ಯಾಯಾಮಶಾಲೆಯವರು ಪೀಠದ ಎತ್ತರವನ್ನು ನೋಡಿ ಸರಿಪಡಿಸಲು ತಿಳಿದವನೊಬ್ಬನನ್ನು ಇಡತಕ್ಕದ್ದು. ಹಿಡಿಯು ಎದೆಯ ನಡುಮಟ್ಟಕ್ಕೆ ಬರಬೇಕು. ಅದು ಕತ್ತಿನ ಮಟ್ಟಕ್ಕೆ ಏರಿದರೆ ಮೊಣಕೈಗಳು ಅಗಲವಾಗಿ ಎದ್ದು, ದಿನದಿನದ ನೂಕಾಟದಲ್ಲಿ ಹೆಗಲಿಗೆ ಘಾಸಿಯಾಗುವ ಸಂಭವವುಂಟು.