ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕಂಪ್ಯೂಟರ್ ವೇಗ ಡಬಲ್ ಆಗುತ್ತದೆಯೇ?

'ಹಳೇ ಗ್ರಾಫಿಕ್ಸ್ ಕಾರ್ಡ್ ತೆಗೆಯಬೇಡಿ, ಪಕ್ಕದಲ್ಲೇ ಇನ್ನೊಂದು ಹಾಕಿಸಿ, ವೇಗ ಡಬಲ್!' ಈ ಸಲಹೆಯನ್ನು ನೀವೂ ಕೇಳಿರಬಹುದು. ಗೇಮ್ ಆಡುವವರ ಮಟ್ಟಿಗೆ ಇದು ಇಂದು ನಿಜವಲ್ಲ.

ಇಳಕಲ್ಲಿನ ಮಗ್ಗವನ್ನೇ ನೋಡೋಣ. ಮನೆಯಲ್ಲಿ ಎರಡು ಮಗ್ಗವಿದ್ದರೆ ಒಟ್ಟಿಗೆ ಎರಡು ಸೀರೆ ನೇಯಬಹುದು. ಆದರೆ ಒಂದೇ ಸೀರೆ ಅರ್ಧ ಸಮಯದಲ್ಲಿ ಮುಗಿಯದು. ಹಿಂದಿನ ಹೊಕ್ಕು ಕೂತ ಮೇಲೇ ಮುಂದಿನದು. ಗೇಮ್ ಕೂಡ ಹಾಗೇ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಈಗಿನ ಗೇಮ್‌ಗಳು ಹೊಸ ಚಿತ್ರ ಬಿಡಿಸಲು ಹಿಂದಿನ ಚಿತ್ರದ ಮಾಹಿತಿಯನ್ನೂ ಬಳಸುತ್ತವೆ. ಅದನ್ನು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲೇ ಉಳಿದ ಸಮಯ ಹೋಗುತ್ತದೆ. 8 ಜಿಬಿಯ ಎರಡು ಕಾರ್ಡ್ ಸೇರಿ 16 ಜಿಬಿಯೂ ಆಗುವುದಿಲ್ಲ, ಏಕೆಂದರೆ ಒಂದೇ ಮಾಹಿತಿಯನ್ನು ಎರಡೂ ಇಟ್ಟುಕೊಳ್ಳಬೇಕು.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಎನ್‌ವಿಡಿಯಾ 2004ರಲ್ಲಿ ಎಸ್‌ಎಲ್‌ಐ ತಂದಿತು, ಮರುವರ್ಷ ಎಟಿಐ ಕ್ರಾಸ್‌ಫೈರ್ ತಂದಿತು. ಆಗಲೂ ಲಾಭ ಗೇಮ್‌ನಿಂದ ಗೇಮ್‌ಗೆ ಬೇರೆಯಾಗಿತ್ತು. 2021ರ ಜನವರಿಯಿಂದ ಎನ್‌ವಿಡಿಯಾ ಹೊಸ ಗೇಮ್‌ಗಳಿಗೆ ಎಸ್‌ಎಲ್‌ಐ ಹೊಂದಾಣಿಕೆ ಸೇರಿಸುವುದನ್ನೇ ನಿಲ್ಲಿಸಿತು.

ಎರಡು ಕಾರ್ಡ್ ನಿಜಕ್ಕೂ ದುಡಿಯುವ ಜಾಗವೂ ಇದೆ. ಬಾದಾಮಿಯ ಗುಹೆಗಳ ಒಂದು 3ಡಿ ವಿಡಿಯೊವನ್ನು ಬ್ಲೆಂಡರ್‌ನಲ್ಲಿ ಮಾಡುತ್ತೀರಿ ಎನ್ನಿ. ಅದರ ಸಾವಿರಾರು ಚಿತ್ರಗಳನ್ನು ಕಾರ್ಡ್‌ಗಳು ಹಂಚಿಕೊಳ್ಳಬಹುದು. ಇಲ್ಲಿ ಎರಡು ಮಗ್ಗ, ಎರಡು ಸೀರೆ. ಎಐ ಮಾದರಿಗಳ ತರಬೇತಿಯೂ ಹೀಗೆಯೇ. ಸೀರೆಯ ಅಂಚಿನ ವಿನ್ಯಾಸ ಬಿಡಿಸಲು ಮಾತ್ರ ಸಾಧಾರಣ ಕಾರ್ಡ್ ಒಂದೇ ಸಾಕು, ಅಂಗಡಿಯವರು ಏನೇ ಹೇಳಲಿ.

'ನಾಲ್ಕು ಕಾರ್ಡ್ ಹಾಕಿ, ಮನೆಯಲ್ಲೇ ಕ್ರಿಪ್ಟೊ ಗಳಿಸಿ' ಎಂಬ ಮಾತಿಗಂತೂ ಕಾಲ ಮೀರಿದೆ. ಅದಕ್ಕೆ ಹೆಚ್ಚು ಬಳಕೆಯಾಗುತ್ತಿದ್ದ ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ಕಾರ್ಡ್‌ಗಳ ಅಗತ್ಯವೇ ಇಲ್ಲದ ಪದ್ಧತಿಗೆ ಬದಲಾಯಿತು.

ಇನ್ನು ಕರೆಂಟ್ ಲೆಕ್ಕ. ತಲಾ 200 ವಾಟ್‌ನ ಎರಡು ಕಾರ್ಡ್, ಉಳಿದ ಭಾಗಗಳಿಗೆ 150 ವಾಟ್, ಒಟ್ಟು 550. ದಿನಕ್ಕೆ 8 ಗಂಟೆ ಪೂರ್ತಿ ದುಡಿಸಿದರೆ 4.4 ಯೂನಿಟ್, ತಿಂಗಳಿಗೆ 132. ಫ್ರಿಜ್, ಫ್ಯಾನ್, ಮೋಟರ್ ಸೇರಿಸಿದರೆ ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟುವುದು ಸುಲಭ. ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಆ ಕರೆಂಟೆಲ್ಲ ಕೊನೆಗೆ ಕೋಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ವಿಷಯವಲ್ಲ. ಮೇಲಿನ ಕಾರ್ಡಿನ ಫ್ಯಾನ್‌ಗೆ ಕೆಳಗಿನ ಕಾರ್ಡಿನ ಬಿಸಿಗಾಳಿಯೇ ಸಿಕ್ಕರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಕೆಲಸಕ್ಕೆ ಎರಡು ಬೇಕೇ ಬೇಕು ಎಂದಾದರೆ ಮೊದಲು ಪವರ್ ಸಪ್ಲೈ ನೋಡಿ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವಾಟ್ ಮಾತ್ರ; ಉಳಿದದ್ದು ಪವರ್ ಸಪ್ಲೈನ ಬೇರೆ ವೈರ್‌ನಿಂದ ಬರಬೇಕು. 8 ಪಿನ್‌ನ ಒಂದು ಕನೆಕ್ಟರ್‌ನ ಮಿತಿ 150 ವಾಟ್. ಸಾಲದ ಕಡೆ ಅಗ್ಗದ ಅಡಾಪ್ಟರ್ ಸಿಕ್ಕಿಸಿದರೆ ಕನೆಕ್ಟರ್ ಕರಗಬಹುದು.