ಶರಾವತಿಯ ವಿದ್ಯುತ್ತು: ಲಾಭವೆಷ್ಟು, ಋಣವೆಷ್ಟು?

ಮನೆಯ ಯಜಮಾನನು ವರ್ಷದ ಕೊನೆಗೆ ಜಮೆಯ ಪುಟವನ್ನಷ್ಟೇ ಓದಿ ಖರ್ಚಿನ ಪುಟವನ್ನು ಮಡಚಿಟ್ಟರೆ ಆ ಮನೆತನವು ಬಹುಕಾಲ ಬಾಳಲಾರದು. ಜಲವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡು ಹೀಗೆಯೇ ನಡೆದುಕೊಂಡಿದೆಯೆಂದು ಖೇದದಿಂದ ಹೇಳಬೇಕಾಗಿದೆ. ಶರಾವತಿಯ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆಯು ಎದ್ದಿರುವಾಗ ಎರಡೂ ಪುಟಗಳನ್ನು ಓದುವದು ಅವಶ್ಯವು.

ಮೊದಲು ಜಮೆಯನ್ನು ನೋಡೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಂದಿನಿಂದ ನೀರೇ ನಮಗೆ ಕಲ್ಲಿದ್ದಲಾಯಿತು. 1948ರಲ್ಲಿ ಜೋಗದ ವಿದ್ಯುದಾಗಾರವು ಕಾರ್ಯಾರಂಭ ಮಾಡಿದಾಗ ಜಲಪಾತದ ಒಂದು ಪಕ್ಕ ಮೈಸೂರು, ಇನ್ನೊಂದು ಪಕ್ಕ ಮುಂಬಯಿ ಪ್ರಾಂತವಾಗಿದ್ದಿತು. 1956ರ ಏಕೀಕರಣದಿಂದ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಅದರ ನೀರು ಶರಾವತಿ ವಿದ್ಯುದಾಗಾರದ 10 ಯಂತ್ರಗಳನ್ನು ತಿರುಗಿಸಿ 1035 ಮೆಗಾವ್ಯಾಟ್ ಶಕ್ತಿಯನ್ನು ಕೊಡಬಲ್ಲದು. 1985ರಲ್ಲಿ ರಾಯಚೂರಿನ ಉಷ್ಣ ವಿದ್ಯುತ್ ಕೇಂದ್ರವು ಪ್ರಾರಂಭವಾಗುವ ತನಕ ರಾಜ್ಯದ ಗಿರಣಿಗಳೂ ದೀಪಗಳೂ ಬಹುತೇಕ ನೀರನ್ನೇ ನಂಬಿದ್ದವು. ಕಲ್ಲಿದ್ದಲಿನ ಬೆಲೆಯಿಲ್ಲ, ಬೂದಿಯಿಲ್ಲ. ಬೇಕೆಂದಾಗ ಕೆಲವೇ ನಿಮಿಷಗಳಲ್ಲಿ ಯಂತ್ರವು ತಿರುಗುವದು. ಈ ಉಪಕಾರವನ್ನು ಮರೆಯುವವನು ಕೃತಘ್ನನು.

ಇನ್ನು ಖರ್ಚು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ 300 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು, ಗದ್ದೆ, ಅಡಿಕೆತೋಟಗಳು ಮುಳುಗಿದವು. ಹಿಂದಿನ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಊರು ಬಿಟ್ಟ ಎಷ್ಟೋ ಕುಟುಂಬಗಳು ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಹಿನ್ನೀರಿನಾಚೆಯ ತುಮರಿ ಸೀಮೆಯ ಜನರು ಲಾಂಚನ್ನೇ ನಂಬಿ ಬದುಕಿದರು. ಅವರಿಗೆ ಸೇತುವೆ ದೊರೆತುದು 2025ರಲ್ಲಿ! ನಾಡಿಗೆ ಬೆಳಕು ಕೊಟ್ಟವರು ತಮ್ಮ ದಾರಿಗಾಗಿ ಅರವತ್ತು ವರ್ಷ ಕಾದರು. ನದಿಯ ಕೊನೆಯಲ್ಲೂ ಹಾನಿಯುಂಟು. ಯಂತ್ರಗಳಿಂದ ವರ್ಷವಿಡೀ ಸಿಹಿನೀರು ಬರುತ್ತಿರುವದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶವು ಇಳಿದು, ಚಿಪ್ಪುಗಳ ಸಮೃದ್ಧಿಯು ಕುಗ್ಗಿದೆ. ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯಲ್ಲಿ ಅದೇ ಚಿಪ್ಪುಗಳು ಸಾವಿರಾರು ಜನರ ಹೊಟ್ಟೆ ಹೊರೆಯುತ್ತಿವೆ.

ಹೊಸ ಯೋಜನೆಯು ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆಯೇರಿದ ಹೊತ್ತಿನಲ್ಲಿ ಕೆಳಕ್ಕೆ ಬಿಡುವದು. ಹಗಲಿನ ಸೌರಶಕ್ತಿಯನ್ನು ಸಂಜೆಗೆ ಕೂಡಿಡಲು ಇದು ಉಪಾಯವೇ ಸರಿ. ಆದರೆ ನೀರೆತ್ತಲು ಹಿಡಿಯುವ ಶಕ್ತಿಯು ಮರಳಿ ಬರುವ ಶಕ್ತಿಗಿಂತ ಹೆಚ್ಚಿನದು. ಕಾಮಗಾರಿಯ ಸ್ಥಳವೋ, ಸಿಂಗಳೀಕಗಳಿಗಾಗಿ ಕಾದಿಟ್ಟ ಅಭಯಾರಣ್ಯವು. ಮುಳುಗಿದ ತೋಟವನ್ನು ಬೇರೆಡೆ ಬೆಳೆಸಬಹುದು. ಸಿಂಗಳೀಕವು ಬದುಕುವ ಒತ್ತೊತ್ತಾದ ಮಳೆಕಾಡನ್ನು ಯಾವ ಸರಕಾರವೂ ನೆಟ್ಟು ಬೆಳೆಸಲಾರದು.

ರಾಜ್ಯದ ಹಿತಕ್ಕಾಗಿ ಕೆಲವರು ತ್ಯಾಗ ಮಾಡಲೇಬೇಕೆಂದು ಹೇಳುವವರುಂಟು. ಇರಲಿ, ಆದರೆ ಪ್ರತಿಸಲವೂ ಅದೇ ಕಣಿವೆಯವರೇ ಏಕೆ? ಹರಿದು ಹಂಚಿಹೋದ ನಾಡು ಒಂದಾದುದು ಒಂದೇ ಮನೆಯಾಗಿ ಬಾಳಲಿಕ್ಕೆ. ಒಂದೇ ಮನೆಯೆಂದ ಮೇಲೆ ಒಬ್ಬನ ನಷ್ಟವು ಎಲ್ಲರ ಲೆಕ್ಕಕ್ಕೂ ಸೇರತಕ್ಕದ್ದು.

ನಾವು ಅಣೆಕಟ್ಟುಗಳ ವೈರಿಗಳಲ್ಲ. ಹಳೆಯ ಸಂತ್ರಸ್ತರಿಗೆ ಹಕ್ಕುಪತ್ರ ಕೊಡಿರಿ. ಹೊಸ ಯೋಜನೆಯ ಪೂರ್ಣ ಲೆಕ್ಕವನ್ನು ಕನ್ನಡದಲ್ಲಿ ಜನರ ಮುಂದಿಡಿರಿ. ಬ್ಯಾಟರಿ ಮೊದಲಾದ ಬೇರೆ ಉಪಾಯಗಳೊಡನೆ ಅದನ್ನು ತೂಗಿ ನೋಡಿರಿ. ಅನಂತರವೇ ಗುದ್ದಲಿ ಎತ್ತಬೇಕು. ಹಳೆಯ ಸಾಲವನ್ನು ತೀರಿಸದೆ ಹೊಸ ಸಾಲಕ್ಕೆ ಕೈಯೊಡ್ಡುವವನನ್ನು ಲೋಕವು ಏನೆನ್ನುವದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.