ತಾಳ್ಮೆಯೂ ದುರಾಸೆಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೊಗರಿ ವರ್ತಕರಿಗೂ ಬೇಳೆ ಮಿಲ್ಲಿನವರಿಗೂ ದಾಸ್ತಾನು ಹಿಡಿದಿಡುವುದು ಹೊಸತಲ್ಲ. ಆದರೆ ಹಿಡಿದಿಡುವ ಮನಸ್ಸು ಎರಡು ಬಗೆಯದು: ಒಂದು ತಾಳ್ಮೆ, ಇನ್ನೊಂದು ದುರಾಸೆ. ಹೊರನೋಟಕ್ಕೆ ಎರಡೂ ಒಂದೇ.

2015ರಲ್ಲಿ ತೊಗರಿಬೇಳೆಯ ದರ ಕಿಲೋಗೆ 200 ರೂಪಾಯಿಗಳ ಸಮೀಪಕ್ಕೇರಿತು. ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ದಾಸ್ತಾನು ಮಿತಿಯನ್ನು ಬಿಗಿಗೊಳಿಸಿತು. 2016-17ರ ಭಾರಿ ಫಸಲಿನಿಂದಾಗಿ ತೊಗರಿಯ ದರ ಕ್ವಿಂಟಾಲಿಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಹಳೆಯ ದರ ಮರಳೀತೆಂದು ಸಾಲದ ಮೇಲೆ ಸಾಲ ಮಾಡಿ ಕಾಯುವುದು ತಾಳ್ಮೆಯೆನಿಸದು.

ತಾಳ್ಮೆಗೆ ಲೆಕ್ಕವುಂಟು. ಬಡ್ಡಿ, ಗೋದಾಮಿನ ಬಾಡಿಗೆ, ಮಾರಬೇಕಾದ ದರ ಇವೆಲ್ಲವೂ ಖರೀದಿಯ ದಿನವೇ ಖಾತೆಯಲ್ಲಿರುತ್ತವೆ. ದುರಾಸೆಯಾದರೋ ದರ ಏರಿದಂತೆ ಗುರಿಯನ್ನು ಮೇಲಕ್ಕೆ ಸರಿಸುತ್ತದೆ, ಇಳಿದಾಗ ಖಾತೆಯನ್ನೇ ಮುಚ್ಚಿಡುತ್ತದೆ. ಬರೆದಿಟ್ಟ ದರ ಬಂದ ದಿನ ಮಾರಬಲ್ಲವನೇ ತಾಳ್ಮೆಯುಳ್ಳ ವರ್ತಕ.